ಜಪಾನಿನ ಕುಟುಂಬ ವೀಸಾದ ಮೇಲೆ ಅರೆಕಾಲಿಕ ಕೆಲಸ: ಅನುಮತಿ ಪಡೆಯುವುದು ಹೇಗೆ?

ಇಳಕಲ್ಲ ಸೆರಗು (ನವನಗರ, ಬಾಗಲಕೋಟೆ)

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಬಾಗಲಕೋಟೆಯಲ್ಲಿ ಎಂ.ಕಾಂ. ಮುಗಿಸಿ ಇಲ್ಲಿಯದೇ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಐದು ವರ್ಷ ಲೆಕ್ಕಪತ್ರ ನೋಡಿಕೊಂಡವಳು. ನಮ್ಮ ಯಜಮಾನರು ಒಂದು ವರ್ಷದಿಂದ ಟೋಕಿಯೊದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದು, ನಿಶಿಕಸಾಯಿಯಲ್ಲಿ ಮನೆ ಹಿಡಿದಿದ್ದಾರೆ. ನನ್ನ ಸಿಒಇ (ವೀಸಾ ಪಡೆಯಲು ಜಪಾನಿನಿಂದ ಬರುವ ಅರ್ಹತಾ ಪತ್ರ) ಕಳೆದ ವಾರ ಕೈಸೇರಿದೆ. ಅದಕ್ಕೆ ಮೂರೇ ತಿಂಗಳ ಅವಧಿ ಇರುವುದರಿಂದ ಸಂಕ್ರಾಂತಿ ಮುಗಿಸಿಕೊಂಡು ಹೊರಡಬೇಕೆಂದಿದ್ದೇನೆ.

ನನಗೆ ಸಿಗುವುದು ಕುಟುಂಬ ವಾಸದ ವೀಸಾ. ಅದರ ಮೇಲೆ ಕೆಲಸ ಮಾಡುವಂತಿಲ್ಲ ಎಂದು ಕೆಲವರು, ಕಾಗದ ಕೊಟ್ಟರೆ ವಾರಕ್ಕೆ ಕೆಲವು ಗಂಟೆ ಮಾಡಬಹುದು ಎಂದು ಇನ್ನು ಕೆಲವರು ಹೇಳುತ್ತಾರೆ. ಯಜಮಾನರ ಪರಿಚಯದವರೊಬ್ಬರು, ಮೊದಲು ಕೆಲಸಕ್ಕೆ ಸೇರಿಬಿಡಿ, ಕಾಗದಪತ್ರ ಆಮೇಲೆ ಮಾಡಿಸಿದರಾಯಿತು ಎಂದಿದ್ದಾರೆ. ಆ ಮಾತು ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ. ತಮ್ಮನ ಎಂಜಿನಿಯರಿಂಗ್ ಫೀ ಇಷ್ಟು ದಿನ ನನ್ನ ಸಂಬಳದಿಂದಲೇ ನಡೆದಿದ್ದು, ಇನ್ನೂ ಎರಡು ವರ್ಷದ ಫೀ ಕಟ್ಟುವುದು ಬಾಕಿ ಇದೆ. ಆದ್ದರಿಂದ ದುಡಿಯಲೇಬೇಕು, ಆದರೆ ಕಾಯಿದೆ ಮೀರಿ ದುಡಿಯಬಾರದು. ಅನುಭವ ಇದ್ದವರು ದಯವಿಟ್ಟು ವಿವರವಾಗಿ ತಿಳಿಸಿರಿ.

ಗೋಕಾಕ ಕರದಂಟು (ಈಗ ಟೋಕಿಯೊ)

ತಂಗೀ, ನಿಮಗೆ ಒಗ್ಗದ ಮಾತನ್ನು ಒಗ್ಗಿಸಿಕೊಳ್ಳಲು ಹೋಗಬೇಡಿ. ನಿಮ್ಮ ಅನುಮಾನವೇ ಸರಿ. ನಾನೂ ಇದೇ ವೀಸಾದ ಮೇಲೆ ಆರು ವರ್ಷದ ಹಿಂದೆ ಗೋಕಾಕದಿಂದ ಬಂದವಳು.

ನಿಮ್ಮ ವೀಸಾಕ್ಕೆ ಇಲ್ಲಿ ‘ಕಾಜೊಕು ತೈಜಾಯಿ’ ಎನ್ನುತ್ತಾರೆ. ವಿಮಾನ ನಿಲ್ದಾಣದಲ್ಲಿ ಕೈಗೆ ಕೊಡುವ ರೆಸಿಡೆನ್ಸ್ ಕಾರ್ಡಿನ ಮುಂಭಾಗದಲ್ಲಿ ‘ಕೆಲಸ ಮಾಡುವಂತಿಲ್ಲ’ ಎಂದು ಜಪಾನಿ ಭಾಷೆಯಲ್ಲಿ ಅಚ್ಚಾಗಿರುತ್ತದೆ. ಅದನ್ನು ನೋಡಿ ಎದೆಗುಂದಬೇಡಿ, ಕಾರ್ಡನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಮೇಲ್ಗಡೆ ವಿಳಾಸ ಬರೆಯುವ ಜಾಗವಿದ್ದು, ಅದರ ಕೆಳಗೆ ಎಡಬದಿಗೆ ಒಂದು ಸಣ್ಣ ಖಾಲಿ ಚೌಕವಿರುತ್ತದೆ. ನೀವು ಪಡೆಯಬೇಕಾದ ಅನುಮತಿ ಆ ಚೌಕದಲ್ಲಿ ಬೀಳುವ ಒಂದು ಮುದ್ರೆ. ಅದರ ಹೆಸರು ‘ಶಿಕಾಕುಗಾಯಿ ಕಾತ್ಸುದೊ ಕ್ಯೊಕಾ’, ಅಂದರೆ ವೀಸಾದ ಮೂಲ ಉದ್ದೇಶಕ್ಕೆ ಹೊರತಾದ ಚಟುವಟಿಕೆಗೆ ಕೊಡುವ ಅನುಮತಿ. ಆ ಮುದ್ರೆ ಬೀಳುವ ಮೊದಲು ಒಂದು ಗಂಟೆ ದುಡಿದರೂ ಅದು ಅಕ್ರಮ ಕೆಲಸವೇ. ಅನುಮತಿಯಿಲ್ಲದೆ ದುಡಿದವರಿಗೆ ಒಂದು ವರ್ಷದವರೆಗೆ ಸೆರೆ ಅಥವಾ 20 ಲಕ್ಷ ಯೆನ್‌ವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಅದನ್ನೇ ಮುಖ್ಯ ಕಸುಬು ಮಾಡಿಕೊಂಡಿದ್ದು ಸ್ಪಷ್ಟವಾದರೆ ಮೂರು ವರ್ಷದವರೆಗೆ ಸೆರೆ ಅಥವಾ 30 ಲಕ್ಷ ಯೆನ್‌ವರೆಗೆ ದಂಡ, ಅದರ ಮೇಲೆ ಗಡಿಪಾರು.

ಅರ್ಜಿ ಕೊಡುವುದು ಕಷ್ಟವಲ್ಲ. ಬಂದು ಮನೆ ಸೇರಿದ ಮೇಲೆ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ವಿಳಾಸ ದಾಖಲಿಸಿಕೊಳ್ಳಬೇಕು. ಅದಾದ ಕೂಡಲೇ ಇಮಿಗ್ರೇಶನ್ ಕಚೇರಿಗೆ ಅರ್ಜಿ ನಮೂನೆ, ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ತೆಗೆದುಕೊಂಡು ಹೋಗಿ. ಶುಲ್ಕವಿಲ್ಲ. ಕೆಲಸ ಎಲ್ಲಿ ಎಂದು ಮೊದಲೇ ಗೊತ್ತಿರಬೇಕಾಗಿಯೂ ಇಲ್ಲ. ಸಾಮಾನ್ಯ ಅನುಮತಿಯನ್ನು ಯಾವ ಮಾಲೀಕನ ಹೆಸರೂ ಇಲ್ಲದೆ ಕೊಡುತ್ತಾರೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬಹಳ ಜನ ಕೆಲಸ ಸಿಕ್ಕ ಮೇಲೆ ಅರ್ಜಿ ಹಾಕೋಣ ಎಂದು ಕಾಯುತ್ತಾರೆ. ಕೆಲಸ ಸಿಕ್ಕಾಗ ಮಾಲೀಕ ನಾಳೆಯಿಂದಲೇ ಬನ್ನಿ ಎನ್ನುತ್ತಾನೆ, ಮುದ್ರೆಗೆ ಎರಡು ವಾರದಿಂದ ಎರಡು ತಿಂಗಳವರೆಗೆ ಹಿಡಿಯುತ್ತದೆ, ಆ ನಡುವಿನ ಅವಸರದಲ್ಲಿಯೇ ತಪ್ಪು ನಡೆದುಹೋಗುತ್ತದೆ. ಬಂದ ತಿಂಗಳೇ ಅರ್ಜಿ ಹಾಕಿಬಿಡಿ.

ಅನುಮತಿ ವಾರಕ್ಕೆ 28 ಗಂಟೆಗೆ ಮಾತ್ರ. ಗ್ರಾಹಕರ ಜೊತೆ ಕುಳಿತು ಉಪಚರಿಸುವ ಬಾರ್, ಪಚಿಂಕೊ ಎಂಬ ಜೂಜಿನಂಥ ಆಟದ ಅಂಗಡಿ ಮುಂತಾದ ಮನರಂಜನೆಯ ಜಾಗಗಳಲ್ಲಿ ಯಾವ ಕೆಲಸವನ್ನೂ ಮಾಡುವಂತಿಲ್ಲ. ಅಲ್ಲಿ ಪಾತ್ರೆ ತೊಳೆಯುವುದು, ನೆಲ ಒರೆಸುವುದೂ ನಿಷಿದ್ಧ. ಈ ಅನುಮತಿ ವೀಸಾದ ಅವಧಿಯೊಂದಿಗೇ ಮುಗಿಯುತ್ತದೆ. ವೀಸಾ ನವೀಕರಿಸುವಾಗ ಇದಕ್ಕೂ ಹೊಸ ಅರ್ಜಿಯನ್ನು ಜೊತೆಗೇ ಕೊಡಬೇಕು.

ಜಮಖಂಡಿ ಮಾಸ್ತರ

ನಾನು ನಿವೃತ್ತ ಶಿಕ್ಷಕ. ಕರದಂಟು ಬಾಯಿಯವರು 28 ಗಂಟೆಯ ವಿಷಯವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ನನ್ನ ಮನೆಯಲ್ಲಿ ನಡೆದುದನ್ನು ಹೇಳದಿದ್ದರೆ ಈ ತಂಗಿಗೆ ಅದರ ತೂಕ ತಿಳಿಯಲಿಕ್ಕಿಲ್ಲವೆಂದು ಬರೆಯುತ್ತಿದ್ದೇನೆ.

ನನ್ನ ಮಗಳೂ ಇದೇ ವೀಸಾದ ಮೇಲೆ ಅಳಿಯನ ಜೊತೆ ಹೋದಳು. ಅನುಮತಿಯನ್ನು ಕ್ರಮವಾಗಿಯೇ ಪಡೆದಿದ್ದಳು, ಅದರಲ್ಲಿ ತಪ್ಪಿರಲಿಲ್ಲ. ಬೆಳಗ್ಗೆ ಬುತ್ತಿ ತಯಾರಿಸುವ ಒಂದು ಕಾರ್ಖಾನೆಯಲ್ಲಿ ವಾರಕ್ಕೆ 20 ಗಂಟೆ ಮಾಡುತ್ತಿದ್ದಳು. ಕೂಸು ಶಾಲೆಗೆ ಸೇರಿದ ಮೇಲೆ ಖರ್ಚು ಹೆಚ್ಚಿತೆಂದು ಸಂಜೆ ಒಂದು ಗೋದಾಮಿನಲ್ಲಿ 14 ಗಂಟೆಯ ಕೆಲಸ ಹಿಡಿದಳು. ಕೆಲಸ ಕೊಡಿಸಿದ ಮಧ್ಯವರ್ತಿ, 28 ಗಂಟೆ ಎಂಬುದು ಒಂದೊಂದು ಕಡೆಗೆ ಬೇರೆ ಬೇರೆ, ಎರಡು ಕಡೆ ಮಾಡಿದರೆ ಲೆಕ್ಕ ಕೂಡುವುದಿಲ್ಲ ಎಂದು ಹೇಳಿದ್ದನಂತೆ. ಮಗಳು ನಂಬಿದಳು. ಕೂಡಿದರೆ 34 ಗಂಟೆ. ನವೀಕರಣದ ಸಮಯದಲ್ಲಿ ಅಧಿಕಾರಿಗಳು ಎರಡೂ ಕಡೆಯ ಸಂಬಳ ಚೀಟಿಗಳನ್ನು ತರಿಸಿಕೊಂಡರು. ಅರ್ಜಿ ತಿರಸ್ಕೃತವಾಯಿತು. ಕೂಸನ್ನು ಕರೆದುಕೊಂಡು ಜಮಖಂಡಿಗೆ ಬಂದು ಎಂಟು ತಿಂಗಳಾಯಿತು. ಅಳಿಯ ಅಲ್ಲಿ ಒಬ್ಬನೇ ಇದ್ದಾನೆ. ಮೊಮ್ಮಗ ದಿನಾ ಸಂಜೆ ಫೋನಿನಲ್ಲಿ ಅಪ್ಪನಿಗೆ ಆ ದಿನದ ಪಾಠ ಓದಿ ಹೇಳುತ್ತಾನೆ.

ಎಷ್ಟು ಕಡೆ ದುಡಿದರೂ ಎಲ್ಲ ಕೂಡಿಯೇ 28. ಹೆಚ್ಚುವರಿ ಪಾಳಿಯ ಗಂಟೆಗಳೂ ಅದರಲ್ಲಿಯೇ ಬರುತ್ತವೆ. ಇದನ್ನು ಮೊದಲ ದಿನವೇ ಯಾರಾದರೂ ಅವಳಿಗೆ ಹೇಳಿದ್ದರೆ ಎಂದು ನಾನು ಇವತ್ತಿಗೂ ಹಲಬುತ್ತೇನೆ.

ಗುಮ್ಮಟದೂರು (ವಿಜಯಪುರ, ಈಗ ಫುಕುಓಕಾ)

ಮಾಸ್ತರರೆ, ಓದಿ ಬಹಳ ಸಂಕಟವಾಯಿತು. ನಾನು ಇಲ್ಲಿ ಭಾಷಾ ಶಾಲೆಯ ವಿದ್ಯಾರ್ಥಿ. ನಮಗೂ ವಾರಕ್ಕೆ 28 ಗಂಟೆಯೇ. ಆದರೆ ಶಾಲೆಯ ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆಯವರೆಗೆ ಮಾಡಲು ಅವಕಾಶವಿದೆ. ಹೊಸದಾಗಿ ಬರುವ ವಿದ್ಯಾರ್ಥಿಗಳು ವಿಮಾನ ನಿಲ್ದಾಣದಲ್ಲಿಯೇ ಅರ್ಜಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಬಹುದು. ಈ ಎರಡು ಅನುಕೂಲಗಳೂ ಕುಟುಂಬ ವೀಸಾದವರಿಗೆ ಇಲ್ಲ. ವಿದ್ಯಾರ್ಥಿಗಳ ಮಾತು ಕೇಳಿ ಮೋಸ ಹೋಗಬೇಡಿ ಎಂದು ಅಕ್ಕನವರಿಗೆ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಪರಿಚಯದ ಒಬ್ಬ ಗೃಹಿಣಿ ಆಗಸ್ಟ್ ತಿಂಗಳಲ್ಲಿ ತಮಗೂ ರಜೆಯ ರಿಯಾಯಿತಿ ಇದೆಯೆಂದು ಭಾವಿಸಿದ್ದರು.

ಇನ್ನೊಂದು ಮಾತು. ವಾರ ಎಂದರೆ ಸೋಮವಾರದಿಂದ ರವಿವಾರ ಎಂದು ನಾವೆಲ್ಲ ತಿಳಿದಿರುತ್ತೇವೆ. ಇಲ್ಲಿನ ನಿಯಮ ಹಾಗಿಲ್ಲ. ಯಾವ ದಿನದಿಂದ ಎಣಿಸಲು ಆರಂಭಿಸಿದರೂ ಏಳು ದಿನಗಳ ಮೊತ್ತ 28 ದಾಟಬಾರದು. ಉದಾಹರಣೆಗೆ, ಈ ವಾರ ಶುಕ್ರ, ಶನಿ, ರವಿ ಮೂರು ದಿನ ಎಂಟೆಂಟು ಗಂಟೆ ಮಾಡಿದಿರಿ, 24 ಆಯಿತು. ಮುಂದಿನ ವಾರ ಸೋಮ, ಮಂಗಳ, ಬುಧ ಐದೈದು ಗಂಟೆ ಮಾಡಿದಿರಿ, 15 ಆಯಿತು. ಕ್ಯಾಲೆಂಡರಿನ ಪ್ರಕಾರ ಎರಡೂ ವಾರ ಸರಿಯಾಗಿವೆ. ಆದರೆ ಶುಕ್ರವಾರದಿಂದ ಗುರುವಾರದವರೆಗೆ ಎಣಿಸಿ ನೋಡಿ: 39. ನಿಯಮ ಮುರಿದಂತಾಯಿತು. ನಾನು ಪಾಳಿ ಒಪ್ಪಿಕೊಳ್ಳುವ ಮೊದಲು ಹಿಂದಿನ ಆರು ದಿನವನ್ನೂ, ಮುಂದೆ ಈಗಾಗಲೇ ಒಪ್ಪಿಕೊಂಡ ಆರು ದಿನವನ್ನೂ ನೋಡಿಕೊಂಡೇ ಹೂಂ ಎನ್ನುತ್ತೇನೆ.

ಇಳಕಲ್ಲ ಸೆರಗು

ಮಾಸ್ತರರೆ, ನಿಮ್ಮ ಮನೆಯ ನೋವನ್ನು ನನ್ನ ಸಲುವಾಗಿ ಇಲ್ಲಿ ಹೇಳಿಕೊಂಡಿರಿ. ನಿಮ್ಮ ಋಣ ನನ್ನ ಮೇಲಿದೆ. ಗುಮ್ಮಟದೂರಿನ ತಮ್ಮನ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆ. ಐದು ವರ್ಷ ಲೆಕ್ಕ ಬರೆದ ನನಗೂ ಅದು ಮೊದಲ ಓದಿಗೆ ಹೊಳೆದಿರಲಿಲ್ಲ.

ಇನ್ನೊಂದು ಪ್ರಶ್ನೆ. ನಮ್ಮ ಸಂಘದ ಅಧ್ಯಕ್ಷರು, ನೀನು ಅಲ್ಲಿ ಕುಳಿತೇ ಕಂಪ್ಯೂಟರಿನ ಮೇಲೆ ನಮ್ಮ ತಿಂಗಳ ಲೆಕ್ಕ ಮುಗಿಸಿಕೊಡು, ಪಗಾರವನ್ನು ಇಲ್ಲಿನ ನಿನ್ನ ಖಾತೆಗೇ ಹಾಕುತ್ತೇವೆ ಎಂದಿದ್ದಾರೆ. ಹಣ ಜಪಾನಿಗೆ ಬರುವುದೇ ಇಲ್ಲ. ಅದಕ್ಕೂ ಈ ಅನುಮತಿ ಬೇಕೇ?

ಬೈಲಹೊಂಗಲದ ವೈನಿ (ಈಗ ಯೊಕೊಹಾಮಾ)

ನನ್ನದೂ ಇದಕ್ಕೆ ಹತ್ತಿರದ ಪ್ರಶ್ನೆ. ನಾನು ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಗೆಳತಿಯರಿಗೆ ಕೊಡುತ್ತೇನೆ. ಈಗ ಪರಿಚಯ ಇಲ್ಲದವರೂ ದುಡ್ಡು ಕೊಡುತ್ತೇವೆ, ಮಾಡಿಕೊಡಿ ಎಂದು ಕೇಳುತ್ತಿದ್ದಾರೆ. ನನ್ನ ಕಾರ್ಡಿನ ಮೇಲೆ 28 ಗಂಟೆಯ ಮುದ್ರೆ ಇದೆ. ಆ ಮುದ್ರೆಯ ಮೇಲೆ ಇದನ್ನು ಮಾಡಬಹುದೇ?

ಗೋಕಾಕ ಕರದಂಟು

ಇಬ್ಬರಿಗೂ ಒಟ್ಟಿಗೇ ಉತ್ತರ ಬರೆಯುತ್ತೇನೆ, ಏಕೆಂದರೆ ಇಬ್ಬರ ತೊಡಕೂ ಒಂದೇ ಕಡೆ ಬಂದು ನಿಲ್ಲುತ್ತದೆ.

ಇಮಿಗ್ರೇಶನ್ ಕಾಯಿದೆ ನೋಡುವುದು ಹಣ ಯಾವ ಖಾತೆಗೆ ಬಂತು ಎಂಬುದನ್ನಲ್ಲ. ಜಪಾನಿನ ನೆಲದ ಮೇಲೆ ಇದ್ದುಕೊಂಡು ಪ್ರತಿಫಲಕ್ಕಾಗಿ ದುಡಿದಿರೋ ಇಲ್ಲವೋ ಎಂಬುದನ್ನು ನೋಡುತ್ತದೆ. ನಿಶಿಕಸಾಯಿಯ ಮನೆಯಲ್ಲಿ ಕುಳಿತು ಬಾಗಲಕೋಟೆಯ ಸಂಘಕ್ಕೆ ಲೆಕ್ಕ ಬರೆದರೂ ನೀವು ದುಡಿದದ್ದು ಟೋಕಿಯೊದಲ್ಲಿಯೇ. ಆದ್ದರಿಂದ ಅನುಮತಿ ಬೇಕು.

ಅದೂ ಯಾವ ಅನುಮತಿ ಎಂಬುದು ಮುಖ್ಯ. ನಾನು ಮೊದಲು ಹೇಳಿದ 28 ಗಂಟೆಯ ಸಾಮಾನ್ಯ ಅನುಮತಿಯ ಬುನಾದಿಯೇ ಗಂಟೆಯ ಎಣಿಕೆ. ಅಂಗಡಿ, ಕಾರ್ಖಾನೆಗಳಲ್ಲಿ ಹಾಜರಿ ಇರುತ್ತದೆ, ಸಂಬಳ ಚೀಟಿಯಲ್ಲಿ ಗಂಟೆ ಬರೆದಿರುತ್ತದೆ. ಗುತ್ತಿಗೆಯ ಮೇಲೆ ಮಾಡುವ ಕೆಲಸ, ಸ್ವಂತ ವ್ಯಾಪಾರ ಇಂಥವುಗಳಲ್ಲಿ ಎಷ್ಟು ಗಂಟೆ ದುಡಿದಿರಿ ಎಂದು ಹೊರಗಿನವರು ಪರೀಕ್ಷಿಸಿ ನೋಡುವಂತಿರುವುದಿಲ್ಲ. ಅಂಥದಕ್ಕೆ ಪ್ರತ್ಯೇಕ ಅನುಮತಿ ಪಡೆಯಬೇಕು. ಏನು ಕೆಲಸ, ಯಾರಿಗಾಗಿ, ಎಷ್ಟು ಪ್ರತಿಫಲ ಎಂಬುದನ್ನು ಕರಾರುಪತ್ರದ ಸಮೇತ ತೋರಿಸಿ, ಆ ಒಂದೇ ಕೆಲಸಕ್ಕೆ ಕೇಳುವ ಅನುಮತಿ ಅದು. ಪರಿಶೀಲನೆಯೂ ಬಿಗಿಯಾಗಿರುತ್ತದೆ. ತಂಗೀ, ಅಧ್ಯಕ್ಷರಿಗೆ ಈಗಲೇ ಒಪ್ಪಿಗೆ ಕೊಡಬೇಡಿ. ಇಲ್ಲಿಗೆ ಬಂದು, ಕರಾರುಪತ್ರವನ್ನು ಜಪಾನಿ ಭಾಷೆಗೆ ಅನುವಾದ ಮಾಡಿಸಿ, ಇಮಿಗ್ರೇಶನ್ ಕಚೇರಿಯ ಕಿಟಕಿಯಲ್ಲಿ ಕೇಳಿದ ಮೇಲೆ ಹೂಂ ಅನ್ನಿ.

ವೈನಿಯವರೆ, ನಿಮ್ಮ ರೊಟ್ಟಿ ವ್ಯಾಪಾರಕ್ಕೂ ಆ ಪ್ರತ್ಯೇಕ ಅನುಮತಿಯೇ ಬೇಕು. ಅದಷ್ಟೇ ಸಾಲದು. ತಿನಿಸು ತಯಾರಿಸಿ ಮಾರಲು ‘ಹೊಕೆಂಜೊ’ ಎಂಬ ಆರೋಗ್ಯ ಕಚೇರಿಯನ್ನೂ ಮೊದಲು ಕಾಣಬೇಕು. ಮನೆಯ ಅಡುಗೆಮನೆಯಲ್ಲಿ ಮಾಡಿದ್ದನ್ನು ಹಾಗೆಯೇ ಮಾರಲು ಬಿಡುವುದಿಲ್ಲ. ದುಡ್ಡು ತೆಗೆದುಕೊಳ್ಳದೆ ಗೆಳತಿಯರಿಗೆ ಕೊಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ನಿಮ್ಮ ರೊಟ್ಟಿಗೆ ಅಪರಿಚಿತರು ಬೇಡಿಕೆ ಇಡುತ್ತಿದ್ದಾರೆಂದರೆ ಕೈಗುಣ ಚೆನ್ನಾಗಿಯೇ ಇರಬೇಕು. ಆ ಕಸುಬನ್ನು ಬಿಡಬೇಡಿ, ಆದರೆ ಕಾಗದ ಮುಗಿಯುವವರೆಗೆ ದುಡ್ಡು ಮುಟ್ಟಬೇಡಿ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಟೋಕಿಯೊದ ಕನಿಷ್ಠ ಕೂಲಿ 2025ರ ಅಕ್ಟೋಬರಿನಿಂದ ಗಂಟೆಗೆ 1,226 ಯೆನ್. ವಾರಕ್ಕೆ 28 ಗಂಟೆಯಂತೆ ವರ್ಷವಿಡೀ ದುಡಿದರೆ ಸುಮಾರು 17 ಲಕ್ಷ 85 ಸಾವಿರ ಯೆನ್ ಆಗುತ್ತದೆ. ಆದರೆ ಹೆಂಡತಿಯ ವರ್ಷದ ಆದಾಯ 13 ಲಕ್ಷ ಯೆನ್ ಮುಟ್ಟಿತೆಂದರೆ ಗಂಡನ ಕಂಪನಿಯ ಆರೋಗ್ಯ ವಿಮೆ ಮತ್ತು ಪಿಂಚಣಿಯ ಆಸರೆಯಿಂದ ಅವಳು ಹೊರಬಿದ್ದು, ತನ್ನ ಕಂತನ್ನು ತಾನೇ ಕಟ್ಟಬೇಕಾಗುತ್ತದೆ. 51 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಾದರೆ ವಾರಕ್ಕೆ 20 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರನ್ನು ಸಾಮಾನ್ಯವಾಗಿ ಆ ಕಂಪನಿಯ ವಿಮೆಗೇ ಸೇರಿಸುತ್ತಾರೆ. ಅಂದರೆ ಕಾಯಿದೆ 28 ಗಂಟೆ ಕೊಟ್ಟರೂ ನಮ್ಮಂಥವರಿಗೆ ಕೈಗೆ ಹತ್ತುವ ಲೆಕ್ಕ ಬಹುತೇಕ 20 ಗಂಟೆಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಇನ್ನೂ ಒಂದು ಕಾರಣವಿದೆ. ನಮ್ಮ ವೀಸಾ ನಿಂತಿರುವುದೇ ಗಂಡನ ಆಸರೆಯಲ್ಲಿ ಬದುಕುತ್ತೇವೆ ಎಂಬುದರ ಮೇಲೆ. ಹೆಂಡತಿಯ ದುಡಿಮೆಯೇ ಮನೆಯ ಮುಖ್ಯ ಆದಾಯದಂತೆ ಕಂಡರೆ ನವೀಕರಣದಲ್ಲಿ ಪ್ರಶ್ನೆ ಏಳುತ್ತದೆ.

ಖಾನಾಪುರ ಕಾಡು

ಎಂ.ಕಾಂ. ಓದಿ ಐದು ವರ್ಷ ಲೆಕ್ಕ ಬರೆದವರು ಅರೆಕಾಲಿಕ ಕೆಲಸಕ್ಕೇ ಏಕೆ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಪದವಿ ಇದ್ದವರಿಗೆ ಅದಕ್ಕೆ ತಕ್ಕ ಕೆಲಸವನ್ನು ಒಂದು ಕಂಪನಿ ಕೊಟ್ಟರೆ, ಕುಟುಂಬ ವೀಸಾದಿಂದ ನೌಕರಿಯ ವೀಸಾಕ್ಕೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬಹುದು. ಆಗ 28 ಗಂಟೆಯ ಕಟ್ಟು ಇರುವುದಿಲ್ಲ. ಬದಲಾವಣೆ ಮಂಜೂರಾದ ಮೇಲೆಯೇ ಪೂರ್ಣಾವಧಿ ಕೆಲಸಕ್ಕೆ ಸೇರಬೇಕು, ಅಷ್ಟೇ.

ಇನ್ನು ಯಜಮಾನರದು ಯಾವ ವೀಸಾ ಎಂದು ವಿಚಾರಿಸಿರಿ. ವಿದ್ಯೆ, ಅನುಭವ, ವಯಸ್ಸು, ಸಂಬಳಕ್ಕೆ ಅಂಕ ಕೊಟ್ಟು 70 ಅಂಕ ಅಥವಾ ಅದಕ್ಕಿಂತ ಹೆಚ್ಚು ಪಡೆದವರಿಗೆ ಕೊಡುವ ಉನ್ನತ ಕೌಶಲದ ವೀಸಾ ಒಂದಿದೆ. ಅಂಥವರ ಪತ್ನಿ ಅವರ ಜೊತೆಯಲ್ಲಿಯೇ ವಾಸವಿದ್ದು, ಜಪಾನಿನವರಿಗೆ ಸಮನಾದ ಸಂಬಳ ಪಡೆಯುವುದಾದರೆ, ನಿಗದಿತ ಕ್ಷೇತ್ರಗಳಲ್ಲಿ ಪೂರ್ಣಾವಧಿ ಕೆಲಸಕ್ಕೆ ಬೇರೆ ವೀಸಾ ಪಡೆಯಲು ದಾರಿಯಿದೆ. ಎಷ್ಟೋ ಜನ ಎಂಜಿನಿಯರುಗಳು 70 ಅಂಕ ತಮಗಿದ್ದರೂ ಲೆಕ್ಕ ಹಾಕಿ ನೋಡಿಯೇ ಇರುವುದಿಲ್ಲ.

ಇಳಕಲ್ಲ ಸೆರಗು (ಎಂಟು ತಿಂಗಳ ನಂತರ, ಟೋಕಿಯೊ)

ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಫೆಬ್ರವರಿಯಲ್ಲಿ ಬಂದು, ಮೂರನೆಯ ದಿನ ವಿಳಾಸ ದಾಖಲಿಸಿ, ಮರುವಾರವೇ ಶಿನಾಗಾವಾ ನಿಲ್ದಾಣದಿಂದ ಬಸ್ ಹಿಡಿದು ಇಮಿಗ್ರೇಶನ್ ಕಚೇರಿಗೆ ಹೋದೆವು. ಸಂಖ್ಯೆಯ ಚೀಟಿ ಹಿಡಿದು ಸುಮಾರು ಮೂರು ತಾಸು ಕುಳಿತೆವು. ಅರ್ಜಿ ತೆಗೆದುಕೊಂಡ ಮೇಲೆ ಕಿಟಕಿಯಲ್ಲಿದ್ದ ಬಾಯಿಯವರು ಒಂದು ಅಂಚೆ ಕಾರ್ಡನ್ನು ಮುಂದಿಟ್ಟು, ನಿಮ್ಮ ವಿಳಾಸವನ್ನು ನೀವೇ ಬರೆಯಿರಿ ಎಂದು ಸನ್ನೆ ಮಾಡಿದರು. ಫಲಿತಾಂಶ ತಿಳಿಸುವ ಕಾರ್ಡು ಅದು. ಯಜಮಾನರು ತಮ್ಮ ಕಾರ್ಡು ನೋಡಿ ಬರೆದುಕೊಡಲು ಬಂದರು. ನಾನೇ ಬರೆಯುತ್ತೇನೆ ಎಂದು ಹಟ ಹಿಡಿದು, ನಮ್ಮ ವಾರ್ಡಿನ ಹೆಸರಾದ ಎಡೊಗಾವಾ ಎಂಬ ಅಕ್ಷರಗಳನ್ನು ಗೆರೆಗೆರೆಯಾಗಿ ನೋಡಿಕೊಂಡು ಬರೆದೆ. ಐದು ವಾರದ ಮೇಲೆ ನನ್ನದೇ ಸೊಟ್ಟ ಅಕ್ಷರದ ಆ ಕಾರ್ಡು ಮನೆಯ ಅಂಚೆ ಪೆಟ್ಟಿಗೆಗೆ ಬಂದಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಮತ್ತೆ ಶಿನಾಗಾವಾಕ್ಕೆ ಹೋಗಿ, ಕಾರ್ಡಿನ ಹಿಂಬದಿಯ ಆ ಚೌಕದಲ್ಲಿ ಮುದ್ರೆ ಹಾಕಿಸಿಕೊಂಡು ಬಂದೆ.

ಸಂಘದ ಲೆಕ್ಕದ ಕೆಲಸವನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಕಿಟಕಿಯಲ್ಲಿ ಕೇಳಿದಾಗ ಪ್ರತ್ಯೇಕ ಅನುಮತಿಗೆ ಕರಾರುಪತ್ರ ತನ್ನಿ ಎಂದರು. ಅಧ್ಯಕ್ಷರು ಬಾಯಿಮಾತಿನ ಮೇಲೆಯೇ ನಡೆಯಲಿ ಎಂದರು. ಮನೆಯ ಹತ್ತಿರದ ಭಾರತೀಯ ಕಿರಾಣಿ ಅಂಗಡಿಯೊಂದರಲ್ಲಿ ಗಲ್ಲೆ ಮತ್ತು ಸರಕಿನ ಲೆಕ್ಕ ನೋಡುವ ಕೆಲಸ ಸಿಕ್ಕಿತು. ಮಾಲೀಕರು ಗಂಟೆಗೆ 1,250 ಯೆನ್, ವಾರಕ್ಕೆ 20 ಗಂಟೆ ಎಂದರು. ವರ್ಷದ 52 ವಾರಕ್ಕೆ ಗುಣಿಸಿ ನೋಡಿದರೆ ಕರಾರುವಾಕ್ಕಾಗಿ 13 ಲಕ್ಷ ಬಂತು! 19 ಗಂಟೆ ಮಾಡಿರಿ ಎಂದು ಕೇಳಿಕೊಂಡೆ, ಅವರು ಒಪ್ಪಿದರು. ತಮ್ಮನ ಈ ವರ್ಷದ ಫೀ ಜುಲೈಯಲ್ಲಿ ಕಟ್ಟಿದ್ದೇನೆ.

ಕಳೆದ ವಾರ ಗಣೇಶ ಚೌತಿಯ ಗದ್ದಲದಲ್ಲಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ದಿನ ಹೆಚ್ಚಿಗೆ ಮಾಡಿ 7 ಗಂಟೆ ಕೂಡಿಸಿದ್ದೆ. ಚೌತಿಯ ಸಂಜೆ ಮಾಲೀಕರು ಇನ್ನು ನಾಲ್ಕು ತಾಸು ಇರಿ ಎಂದಾಗ, ಗಲ್ಲೆಯ ಕೆಳಗೆ ಇಟ್ಟಿರುವ ನೋಟುಬುಕ್ಕನ್ನು ತೆಗೆದು ಹಿಂದಿನ ಆರು ದಿನ ಎಣಿಸಿದೆ. ಆ ಹೊತ್ತಿಗೆ 26 ಆಗಿತ್ತು. ಎರಡು ತಾಸು ಮಾತ್ರ ಇರುತ್ತೇನೆ, ನಾಳೆ ಬರುವುದಿಲ್ಲ ಎಂದು ಪುಟ ತೋರಿಸಿದೆ. ಅವರು ಬೇಸರಿಸದೆ, ತಮ್ಮ ಹೆಂಡತಿಯನ್ನು ಗಲ್ಲೆಗೆ ಕರೆಸಿಕೊಂಡರು.

ಜಮಖಂಡಿ ಮಾಸ್ತರ

ತಂಗೀ, ನಿನ್ನ ಪತ್ರವನ್ನು ಮಗಳಿಗೆ ಓದಿ ಹೇಳಿದೆ. ನೋಟುಬುಕ್ಕಿನ ಭಾಗವನ್ನು ಅವಳು ಎರಡನೆಯ ಸಲ ಓದಿಸಿಕೊಂಡಳು. ಅಳಿಯ ಅವಳ ಮತ್ತು ಕೂಸಿನ ಹೆಸರಿನಲ್ಲಿ ಹೊಸ ಸಿಒಇಗೆ ಕಳೆದ ತಿಂಗಳು ಅರ್ಜಿ ಹಾಕಿದ್ದಾನೆ. 34 ಗಂಟೆ ಹೇಗಾಯಿತು, ಯಾವ ಯಾವ ತಿಂಗಳು ಆಯಿತು ಎಂಬುದನ್ನು ಮುಚ್ಚಿಡದೆ ಮಗಳೇ ಎರಡು ಪುಟದ ವಿವರಣೆ ಬರೆದು, ಅನುವಾದದೊಂದಿಗೆ ಲಗತ್ತಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಇಲ್ಲಿಯೇ ಬರೆಯುತ್ತೇನೆ.